ಸುಂದ್ರಮ್ಮನಿಗೆ ಸಿಕ್ಕ ತೆರಪು

ಕಂಪಲಾಪುರದ ಸುಂದ್ರಮ್ಮ ಹೊಗೆಸೊಪ್ಪು ಕಟ್ಟುವ ಹೆಂಗಸು. ಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ಕೂತಳೆಂದರೆ ಎಲೆ ಕಡ್ಡಿಗೇರುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಬಾಯಿಯೂ ಕೈಯಷ್ಟೇ ಚುರುಕು. ಹೋದ ವರ್ಷ ಹಾಗೆ ಕಟ್ಟುತ್ತಿದ್ದಾಗಲೇ ಎಡಕ್ಕೆ ವಾಲಿಬಿದ್ದಳು. ಲಕ್ವ. ಜೀವ ಉಳಿಯಿತು, ಮಾತೂ ಉಳಿಯಿತು. ಎಡಗೈ, ಎಡಗಾಲು ಸೋತುಹೋದವು.

ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಅವಳ ಗಂಡ ಚೆಲುವಯ್ಯನಿಗೆ, "ದಿನಾ ಥೆರಪಿ ಕೊಡಿ. ಒಂದು ದಿನವೂ ತಪ್ಪಿಸಬೇಡಿ" ಎಂದು ಹೇಳಿ ಪಕ್ಕದ ಮಂಚಕ್ಕೆ ಹೋದರು.

ನಮ್ಮ ಕಡೆ ತೆರಪು ಅಂದರೆ ಬಿಡುವು. ಮದುವೆಯಾದಾಗಿನಿಂದ ತೆರಪಿಲ್ಲದೆ ದುಡಿದವಳಿಗೆ ತೆರಪು ಕೊಡಿ ಎಂದು ಡಾಕ್ಟರೇ ಹೇಳಿದರೆ ಚೆಲುವಯ್ಯನಿಗೆ ಅನುಮಾನ ಯಾಕೆ ಬರಬೇಕು? ಇಷ್ಟು ದಿನ ತನಗೇ ತೋಚಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಂದಿನಿಂದ ಹೆಂಡತಿಯನ್ನು ಅವನು ಮಂಚದಿಂದ ಇಳಿಸಲಿಲ್ಲ. ಮುದ್ದೆ ಮುರಿದು ಬಾಯಿಗಿಟ್ಟ. ತಲೆ ಬಾಚಿದ. ಮಗ್ಗುಲನ್ನೂ ತಾನೇ ತಿರುಗಿಸಿದ.

"ಒಂದೀಟು ಇತ್ಲ ಬಾಗ್ಲಿಗಾದ್ರೂ ಓಗ್ಬತ್ತೀನಿ, ಬುಡಿ."

"ಸುಮ್ಕೆ ಬಿದ್ಕೋ ಕಣೆ. ತೆರಪು ಕೊಡಿ ಅಂದವ್ರೆ ಡಾಕ್ಟ್ರು."

"ನಾನೇನು ಬಾಣಂತೀನಾ?"

"ಬಾಣಂತಿಗಿಂತ ಎಚ್ಚು ಕಣೆ ನೀನು."

ಇದನ್ನು ಕೇಳಿ ಪಕ್ಕದ ಮನೆಯ ಭದ್ರಮ್ಮ ನಗುತ್ತಿದ್ದಳು: "ನನ್ ಗಂಡ ಒಂದಿನಾನೂ ತಲೆನೋವಾ ಅಂತ ಕೇಳ್ದೋನಲ್ಲ. ನೀ ಪುಣ್ಯ ಮಾಡಿದ್ದೀಯ ಬುಡವ್ವ!"

ಪುಣ್ಯವಂತೆ ಹಗಲೆಲ್ಲ ಸೂರಿನ ತೊಲೆ ನೋಡುತ್ತಿದ್ದಳು. ಮಡಚಿಕೊಳ್ಳುತ್ತಿದ್ದ ಎಡಗೈ ಬೆರಳುಗಳನ್ನು ಬಲಗೈಯಿಂದ ಕದ್ದು ಬಿಡಿಸುತ್ತಿದ್ದಳು. ಗಂಡನ ಹೆಜ್ಜೆ ಸದ್ದಾದರೆ ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು. ಕಂಡರೆ ಅವನು ಬಯ್ಯುತ್ತಿರಲಿಲ್ಲ, ಅಳುತ್ತಿದ್ದ. ಬಯ್ದಿದ್ದರೆ ತಿರುಗಿಸಿ ಬಯ್ಯಬಹುದಿತ್ತು.

ತಿಂಗಳುಗಳು ಕಳೆದ ಮೇಲೆ ಆಶಾ ಕಾರ್ಯಕರ್ತೆ ಸುಕನ್ಯ ಬಂದಳು.

"ಥೆರಪಿ ಕೊಡುಸ್ತಾ ಇದ್ದೀರಾ ಅಣ್ಣ?"

"ಕೊಡ್ದೆ ಇರ್ತೀನಾ? ಒಂದು ಲೋಟ ಎತ್ತಕ್ಕೂ ಬುಟ್ಟಿಲ್ಲ!"

ಸುಕನ್ಯ ಹೊದಿಕೆ ಸರಿಸಿ ಕೈ ನೋಡಿದಳು. ಮುಷ್ಟಿ ಕಟ್ಟಿದಂತೆ ಬಿಗಿದಿತ್ತು. "ಅಯ್ಯೋ ಅಣ್ಣ, ಥೆರಪಿ ಅಂದ್ರೆ ಮಲಗ್ಸೋದಲ್ಲ. ಕೈಕಾಲು ಆಡ್ಸೋದು, ನಡ್ಸೋದು."

ಚೆಲುವಯ್ಯ ಆ ಮುಷ್ಟಿ ಹಿಡಿದು ಬೆರಳು ಬಿಡಿಸಲು ನೋಡಿದ. ಸುಂದ್ರಮ್ಮ ತೊಲೆಯನ್ನೇ ನೋಡುತ್ತಾ, "ನಾ ಎಷ್ಟು ಬಡ್ಕಂಡೆ" ಎಂದಳು.

ಥೆರಪಿ ಎಂಬುದು ಗ್ರೀಕರಿಂದ ಬಂದ ಮಾತಂತೆ. ಆರೈಕೆ, ವಾಸಿಮಾಡುವುದು ಎಂದು ಅರ್ಥವಂತೆ. ಅದರ ಹಿಂದೆ ಫಿಸಿಯೋ, ಕೀಮೋ, ರೇಡಿಯೋ ಎಂದು ಒಂದೊಂದು ಸೇರಿಸಿದರೆ ಒಂದೊಂದು ಚಿಕಿತ್ಸೆ. ಇರಲಿ ಡಾಕ್ಟರೇ, ನಿಮ್ಮ ಪುಸ್ತಕದಲ್ಲಿ ಹಾಗೇ ಬರೆದುಕೊಳ್ಳಿ. ಆದರೆ ಕನ್ನಡದವನ ಎದುರು ನಿಂತು "ಕೈಕಾಲು ಆಡಿಸಿ" ಎನ್ನಲು ಎಷ್ಟು ಉಸಿರು ಖರ್ಚಾಗುತ್ತಿತ್ತು ಸ್ವಾಮಿ? ಚೆಲುವಯ್ಯನ ದಡ್ಡತನ ಎನ್ನುವವರು ಇಷ್ಟು ತಿಳಿದಿರಲಿ: ತನಗೆ ಕೇಳಿಸಿದ್ದನ್ನು ಅವನು ಒಂದು ದಿನವೂ ತಪ್ಪಿಸಲಿಲ್ಲ.

ಈಗ ವಾರಕ್ಕೊಮ್ಮೆ ಥೆರಪಿಗೆಂದು ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋಗಿಬರುತ್ತಾರೆ. ಕಾಲು ಅಷ್ಟಿಷ್ಟು ಬಂದಿದೆ. ಬೆರಳು ಬಿಡಿಸುವುದು ಕಷ್ಟ, ತಡವಾಯಿತು ಎಂದಿದ್ದಾರೆ. ಇನ್ನು ಎಲೆ ಕಟ್ಟುವ ಮಾತಿಲ್ಲ.

ಸಂಜೆ ಸುಂದ್ರಮ್ಮ ಬೀದಿಯಲ್ಲಿ ಕಾಲೆಳೆದುಕೊಂಡು ನಡೆಯುತ್ತಾಳೆ. ಎಲ್ಲಿ ಬಿದ್ದಾಳೋ ಎಂದು ಚೆಲುವಯ್ಯ ಎರಡೂ ಕೈ ಚಾಚಿಕೊಂಡು ಬೆನ್ನಿಗೇ ಇರುತ್ತಾನೆ.

"ಮುಟ್ಬ್ಯಾಡಿ" ಎನ್ನುತ್ತಾಳೆ ಅವಳು.

ಅವನು ಮುಟ್ಟುವುದಿಲ್ಲ. ಚಾಚಿದ ಕೈ ಇಳಿಸುವುದೂ ಇಲ್ಲ.