ಚೀನಾದ ಸಿರಿ ಬರೆಯುವ ಚಿಂತಾಮಣಿಯ ಕೈ

ಫೆಬ್ರವರಿಯ ಚಳಿ ಇನ್ನೂ ಬಿಟ್ಟಿಲ್ಲ. ಚಿಂತಾಮಣಿಯ ಪೇಟೆಬೀದಿಯಲ್ಲಿ ಹಾಲಿನ ಕ್ಯಾನುಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಾಗಿಲು ಮುಚ್ಚಿದ ಹಲ್ಲಿನ ಆಸ್ಪತ್ರೆಯ ಜಗಲಿಯ ಮೇಲೆ ಅಸ್ಗರ್ ಸಾಹೇಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಎದುರಿಗೆ ಕೆಂಪು ಬಳಿದ ಮೊಳದಗಲದ ಹಲಗೆ, ಪಕ್ಕದಲ್ಲಿ ತೆಂಗಿನ ಚಿಪ್ಪಿನ ತುಂಬ ಕಪ್ಪು ಬಣ್ಣ. ಬಲಗೈಯಲ್ಲಿ ಕುಂಚ. ಆ ಕೈಯ ಮಣಿಕಟ್ಟನ್ನು ಎಡಗೈ ಬಿಗಿಯಾಗಿ ಹಿಡಿದಿದೆ.

ಬರೆಯಬೇಕಾದದ್ದು ಒಂದೇ ಅಕ್ಷರ. ಚೀನೀಯರು ಹೊಸ ವರ್ಷಕ್ಕೆ ಬಾಗಿಲಿಗೆ ಹಾಕುವ ‘ಫು’. ಸಿರಿ, ಸೌಭಾಗ್ಯ, ದೈವಕೃಪೆ ಎಲ್ಲವೂ ಅದೇ. ಅಸ್ಗರ್ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ನಮ್ಮಲ್ಲಿ ಬರ್ಕತ್ ಅಂತೀವಲ್ಲ, ಅದೇ.”

ಬೋರ್ಡು ಬರೆಯುವುದು ಅವರ ಕಸುಬು. ಶಿಡ್ಲಘಟ್ಟದ ರೇಷ್ಮೆ ಕಾರ್ಖಾನೆಗಳ ಗೋಡೆ, ಟೊಮೆಟೊ ಲಾರಿಗಳ ಹಣೆ, ಮೇಲೂರಿನ ಅಂಗಡಿಗಳು. ಒಂದಕ್ಕೆ ಶ್ರೀ, ಇನ್ನೊಂದಕ್ಕೆ 786. ಈಚೆಗೆ ಸ್ಟಿಕ್ಕರ್ ಅಕ್ಷರಗಳು ಬಂದು ಅರ್ಧ ಕೆಲಸ ಹೋಗಿದೆ. ಉಳಿದರ್ಧವನ್ನು ಏಣಿ ತಿಂದಿತು. ಎರಡು ವರ್ಷದ ಹಿಂದೆ ಬಿದ್ದು ಮುರಿದ ಮಣಿಕಟ್ಟು ಕೂಡಿಕೊಂಡಿದೆ, ನಡುಕ ನಿಂತಿಲ್ಲ. “ಮುಂಚೆ ದಿನಕ್ಕೆ ಮೂರು ಬೋರ್ಡು. ಈಗ ಮೂರು ದಿನಕ್ಕೊಂದು. ನಮ್ಮ ಮನೆಯವಳು ಮೆಹಬೂಬ್ ಬೀ ಆಡ್ಕೋತಾಳೆ, ‘ಲಾರಿ ಹೊರಡೋ ಮುಂಚೇನೇ ನಿಮ್ಮ ಅಕ್ಷರ ಓಡ್ತಿರುತ್ತಲ್ರೀ’ ಅಂತ.”

ಈ ಅಕ್ಷರವನ್ನು ಕಲಿಸಿದವರು ಆಸ್ಪತ್ರೆಯ ಲಿಯು ಡಾಕ್ಟರು. ಕಲ್ಕತ್ತೆಯಿಂದ ಬಂದು ಇಲ್ಲಿನವರ ಹಲ್ಲು ಕಟ್ಟುತ್ತಲೇ ಮುದುಕರಾದ ಚೀನೀ. ಎಂಬತ್ತರ ದಶಕದ ಆರಂಭದಲ್ಲಿ ಮೊದಲ ಸಲ ಹಲಗೆ ಕೊಟ್ಟಾಗ ಅಸ್ಗರ್ ತಮ್ಮ ರೂಢಿಯಂತೆ ಸೀಮೆಸುಣ್ಣದಲ್ಲಿ ಅಂಚು ಗೀಚಿ ಒಳಗೆ ಬಣ್ಣ ತುಂಬಿದರು. ಡಾಕ್ಟರು ಬಟ್ಟೆ ತೆಗೆದುಕೊಂಡು ಒರೆಸಿಯೇಬಿಟ್ಟರು. “‘ಇದನ್ನ ತುಂಬಬಾರದು ಅಸ್ಗರ್, ಬರೀಬೇಕು. ಒಂದು ಗೆರೆ ಒಂದೇ ಸಲ. ತಿದ್ದಂಗಿಲ್ಲ’ ಅಂದ್ರು. ನಂಗೆ ಸಿಟ್ಟು ಬಂತು. ಆಮೇಲೆ ಕೂರಿಸ್ಕೊಂಡು ಅರ್ಥ ಹೇಳಿದ್ರು, ಸಿಟ್ಟು ಇಳೀತು.”

ಅಕ್ಷರದ ಎಡಗಡೆಯದು ದೇವರ ಪೀಠ, ಬಲಗಡೆಯದು ತುಂಬಿದ ಕೊಡ. ಮೂರು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಮೂಳೆಯ ಮೇಲೆ ಅಕ್ಷರ ಕೊರೆಯುತ್ತಿದ್ದಾಗ ಆ ಕೊಡವನ್ನೆತ್ತಿ ದೇವರಿಗೊಪ್ಪಿಸುವ ಎರಡು ಕೈಗಳೂ ಇದ್ದವಂತೆ. ಬರೆಯುತ್ತ ಬರೆಯುತ್ತ ಕೈಗಳು ಅಳಿಸಿಹೋದವು. ಪೀಠ ಉಳಿಯಿತು, ಕೊಡ ಉಳಿಯಿತು.

“ಕೊಡದಲ್ಲಿ ಏನಿತ್ತು ಡಾಕ್ಟ್ರೇ ಅಂದೆ. ‘ಹೆಂಡ’ ಅಂದ್ರು. ತೋಬಾ! ನಾನು ನೀರು ಅಂದ್ಕೊಂಡೇ ಬರೀತೀನಿ ಅಂದೆ. ‘ಬರಿಯಪ್ಪ, ದೇವರ ಬಾಯಾರಿಕೆ ತೀರಿದ್ರೆ ಸಾಕು’ ಅಂತ ನಕ್ರು.”

ಕೊಡವನ್ನು ಬಿಡಿಸಿ ಓದುವವರೂ ಉಂಟು: ಮೇಲೆ ‘ಒಂದು’, ನಡುವೆ ‘ಬಾಯಿ’, ಕೆಳಗೆ ‘ಹೊಲ’. ಉಣ್ಣುವ ಬಾಯಿಗೊಂದು ಹೊಲವಿದ್ದರೆ ಅದೇ ಭಾಗ್ಯವೆಂದು ಜನ ಕಟ್ಟಿಕೊಂಡ ಅರ್ಥ. ಹೊಲದ ಕೆಳಗಿನ ಬದುವೇ ಕೊನೆಯ ಗೆರೆ.

ಕಾರ್ತೀಕದಲ್ಲಿ ಡಾಕ್ಟರು ತೀರಿಕೊಂಡರು. ಅವರ ಹೆಂಡತಿ, ಊರಿಗೆಲ್ಲ ಡಾಕ್ಟ್ರಮ್ಮ, ಮೊನ್ನೆಯೇ ನೇರವಾಗಿ ಹೇಳಿದ್ದಾರೆ: “ಕಲ್ಕತ್ತಾದಿಂದ ಪ್ರಿಂಟ್ ಹಾಕಿದ್ದು ಬಂದಿದೆ. ನಿಮ್ಮ ಕೈ ನಡುಗದೆ ನಿಂತ್ರೆ ನಿಮ್ದು ಹಾಕ್ತೀನಿ, ಇಲ್ಲಾಂದ್ರೆ ಅದು ಅಂಟಿಸ್ತೀನಿ. ಬೇಜಾರು ಮಾಡ್ಕೋಬಾರ್ದು ಕಣಪ್ಪ.”

ಜೇಬಿನಲ್ಲಿ ಸೀಮೆಸುಣ್ಣವಿದೆ. ಅಂಚು ಗೀಚಿಕೊಂಡರೆ ಕೈ ನಡುಗಿದರೂ ತಿಳಿಯುವುದಿಲ್ಲ, ಒರೆಸಲು ಡಾಕ್ಟರೂ ಇಲ್ಲ. ಅಸ್ಗರ್ ಜೇಬು ಮುಟ್ಟಿ ನೋಡುತ್ತಾರೆ, ಕೈಯನ್ನು ಮತ್ತೆ ಮಣಿಕಟ್ಟಿಗೇ ತರುತ್ತಾರೆ. “ಬಿಸ್ಮಿಲ್ಲಾ.” ಎಡಗೈ ಮಣಿಕಟ್ಟು ಬಿಡುತ್ತದೆ.

ಮೊದಲ ಚುಕ್ಕೆ ಬೀಳುತ್ತದೆ. ಪೀಠ ಏಳುತ್ತದೆ. ಪದ್ಯ ಓದುವವರು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವ ಹಾಗೆ ಅಸ್ಗರ್ ಗೆರೆಗೊಮ್ಮೆ ನಿಲ್ಲುತ್ತಾರೆ. ಒಂದು, ಬಾಯಿ, ಹೊಲ. ಕೊನೆಯ ಬದು ಎಳೆಯುವಾಗ ಕೈ ಅದುರಿ ಗೆರೆ ನಡುವೆ ತಗ್ಗುತ್ತದೆ. ಕಸುಬಿನ ಅಭ್ಯಾಸ, ಎಡಗೈ ತಾನಾಗಿಯೇ ಒರೆಸುವ ಬಟ್ಟೆಗೆ ಹೋಗುತ್ತದೆ. ಅಲ್ಲೇ ತಡೆಯುತ್ತದೆ.

ಡಾಕ್ಟ್ರಮ್ಮ ಕನ್ನಡಕ ಏರಿಸಿಕೊಂಡು ಬಂದು ಬಗ್ಗಿ ನೋಡುತ್ತಾರೆ.

“ಬದು ಸೊಟ್ಟ ಆಗಿದೆ.”

“ಹೂಂ ಅಮ್ಮ. ಕಾಣ್ತಿದೆ.”

“ಯಾರ ಹೊಲದ ಬದು ನೆಟ್ಟಗಿದೆ ಹೇಳಿ ಈ ಊರಲ್ಲಿ? ಹೊಲ ಇದೆ, ಬಾಯಿ ಇದೆ. ಇರಿ, ಮೊಳೆ ತರ್ತೀನಿ.” ಒಳಗೆ ಹೋದವರು ಹೊರಗೆ ಬರಲು ಸ್ವಲ್ಪ ತಡಮಾಡುತ್ತಾರೆ. ಬಂದಾಗ ಕಣ್ಣು ಕೆಂಪಾಗಿದೆ.

ಹಲಗೆ ಬಾಗಿಲ ಮೇಲೆ ಏರಿದೆ. ಬೀದಿಯಲ್ಲಿ ಅಂಗಡಿಗಳು ತೆರೆಯುತ್ತಿವೆ. ಅಸ್ಗರ್ ಕುಂಚ ತೊಳೆಯುತ್ತ ತಲೆಯೆತ್ತಿ ನೋಡಿ ಹೇಳುತ್ತಾರೆ: “ಆ ಭಾಷೇಲಿ ನಂಗೆ ಬರೋದು ಇದೊಂದೇ ಮಾತು. ಒಂದೇ ಬಂದ್ರೂ, ಒಳ್ಳೇ ಮಾತೇ ಬಂತಲ್ಲ.”