ಕೊಡದ ಪಕ್ಕದ ಬಾಟಲಿ

ಆ ಬಾಟಲಿಯನ್ನು ಕೆಳಗಿಟ್ಟವಳು ನಾನು, ಗಿರಿಜಾ. ನೀನಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು — ನನ್ನ ತಪ್ಪನ್ನು ನಿನ್ನದೆಂದು ನಂಬಿಕೊಂಡು ನೀನು ಬದುಕಿದ್ದೀಯ. ನಂಬಲಿ ಎಂದು ನಾನೂ ಸುಮ್ಮನಿದ್ದೆ.

ನೀನು ನನ್ನ ಮೈದುನನ ಹೆಂಡತಿಯಾಗಿ ಇಚಲಕರಂಜಿಯ ನಮ್ಮ ಎರಡು ಕೋಣೆಗಳ ಮನೆಗೆ ಬಂದವಳು. ಗಂಡಸರಿಬ್ಬರೂ ಮಗ್ಗ ನಡೆಸುತ್ತಿದ್ದರು. ನಾನು ಹಗಲಿಡೀ ಕಾರ್ಖಾನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನೀನು ಮನೆಯಲ್ಲಿ ಕೂತು ಬಟ್ಟೆಗೆ ಹತ್ತಿದ ಮಗ್ಗದ ಎಣ್ಣೆಯ ಕಲೆ ತೆಗೆಯುತ್ತಿದ್ದೆ, ಜೊತೆಗೆ ನನ್ನ ಸುಮಾಳನ್ನೂ ನೋಡಿಕೊಳ್ಳುತ್ತಿದ್ದೆ. ಎರಡು ವರ್ಷದ ಕೂಸು. ಸಂಜೆ ಬಂದು ನಾನು ಕೈಚಾಚಿದರೆ ನಿನ್ನ ಸೆರಗಿನ ಹಿಂದೆ ಅಡಗುತ್ತಿತ್ತು. ಹೆತ್ತವಳು ನಾನು, ತುತ್ತಿಗೆ, ನಿದ್ದೆಗೆ, ಎಲ್ಲದಕ್ಕೂ ಚಿಗವ್ವ ನೀನೇ ಬೇಕು! ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ನೀನು ಒಳ್ಳೆಯವಳು ಎಂಬುದೇ ಇನ್ನೂ ಹೆಚ್ಚಿನ ಉರಿ — ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಕಲೆ ತೆಗೆಯುವ ಔಷಧವನ್ನು ನಮ್ಮ ಓಣಿಯಲ್ಲಿ ಎಲ್ಲರೂ ಥಂಡಾ ಪಾನೀಯದ ಖಾಲಿ ಬಾಟಲಿಯಲ್ಲೇ ತರುತ್ತಿದ್ದರು. ನೋಡಲು ನೀರಿನ ಹಾಗೆ. ಕೂಸಿರುವ ಮನೆಯೆಂದು ನೀನು ಮಾತ್ರ ಸ್ಟೂಲು ಹತ್ತಿ ಅದನ್ನು ಮೇಲಿನ ಹಲಗೆಯ ಮೇಲೆ ಇಡುತ್ತಿದ್ದೆ. ಅಂದು ನನ್ನ ಸೀರೆಗೆ ಎಣ್ಣೆ ತಾಗಿತ್ತು, ಬಾಟಲಿ ಇಳಿಸಿಕೊಂಡೆ. ತಿರುಗಿ ಇಡಬೇಕೆಂದು ಸ್ಟೂಲಿಗೆ ಕಾಲಿಟ್ಟಾಗ ಒಳಗೆ ಸುಮಾ ನಿನ್ನ ಜೊತೆ ಕೇಕೆ ಹಾಕಿ ನಗುವುದು ಕೇಳಿತು. ಗಿರಿಜಾಳ ಬಾಟಲಿ, ಅವಳೇ ಇಟ್ಟುಕೊಳ್ಳಲಿ — ಅಂದುಕೊಂಡು ನೀರಿನ ಕೊಡದ ಪಕ್ಕ ಇಟ್ಟು ನಳಕ್ಕೆ ಹೋದೆ.

ಸ್ವಲ್ಪ ಹೊತ್ತಿಗೆ ಕೆಮ್ಮು, ಕಿರುಚಾಟ. ಕೂಸಿನ ಬಾಯಿಂದ ಆ ಔಷಧದ ವಾಸನೆ. ವಾಂತಿಯಾಗಲೆಂದು ನಾನು ಉಪ್ಪುನೀರು ಕುಡಿಸಿದೆ. ಡಾಕ್ಟರು ಬೈದರು — ವಾಂತಿ ಮಾಡಿಸಿದರೆ ಇಂಥದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಬಾಟಲಿ ಹಿಡಿದುಕೊಂಡು ನೆಟ್ಟಗೆ ಓಡಿ ಬರಬೇಕಿತ್ತು. ಕೊಲ್ಹಾಪುರದ ದವಾಖಾನೆಯಲ್ಲಿ ಸುಮಾ ಉಸಿರಿಗೆ ಒದ್ದಾಡುತ್ತಿದ್ದಾಗ ಅತ್ತೆ ಕೇಳಿದರು: “ಬಾಟ್ಲಿ ಕೆಳಗ ಯಾರ ಇಟ್ಟಿದ್ರವಾ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀನು —

“ನಾನ ಇಟ್ಟಿರಬೇಕ್ರಿ. ಮರತ ಬಿಟ್ಟೇನಿ, ಪಾಪಿ.”

“ಇನ್ನ ಮ್ಯಾಲ ನನ್ನ ಮಗಳನ್ನ ಮುಟ್ಟಬ್ಯಾಡ,” ಅಂದೆ ನಾನು. ಅನ್ನುವಾಗ, ಆ ಮಂಚದ ಪಕ್ಕದಲ್ಲೇ, ಮಗಳು ಇನ್ನು ನನ್ನೊಬ್ಬಳಿಗೇ ಎಂದು — ಹೌದು, ಸಮಾಧಾನವಾಯಿತು. ಬರೆಯಲು ನಾಚಿಕೆಯಾಗುತ್ತದೆ.

ಸುಮಾ ಉಳಿದಳು. ನೀವು ಗಂಡಹೆಂಡತಿ ಮನೆ ಬಿಟ್ಟು ಗಡಹಿಂಗ್ಲಜಕ್ಕೆ ಹೋದಿರಿ. ತಡೆಯಬಹುದಿತ್ತು, ತಡೆಯಲಿಲ್ಲ.

ಹೋದ ತಿಂಗಳು ಸುಮಾಳ ಮಗನಿಗೆ ಹೆಸರಿಡಲು ನೀನು ಬಂದೆ. “ಎತ್ತಕೋ ಚಿಗವ್ವಾ,” ಎಂದು ಅವಳು ಕೂಸನ್ನು ಚಾಚಿದಳು. ನೀನು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡೆ.

“ನನ್ನ ಕೈಯಾಗ ಬ್ಯಾಡವಾ. ನನಗ ಮರವು ಭಾಳ.”

ನಿನಗೆ ಮರೆವಿಲ್ಲ, ಗಿರಿಜಾ. ಎಂದೂ ಇರಲಿಲ್ಲ.

ಈ ಭಾನುವಾರ ಸುಮಾಳನ್ನೂ ಕೂಸನ್ನೂ ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಅವಳ ಎದುರಿಗೇ ಹೇಳುತ್ತೇನೆ. ಕೇಳಿದ ಮೇಲೆ ಅವಳು ನನ್ನ ಪಕ್ಕದಿಂದ ಎದ್ದು ನಿನ್ನ ಹತ್ತಿರ ಕೂಡಬಹುದು, ಕೂಸನ್ನು ನಿನ್ನ ತೊಡೆಯ ಮೇಲೆ ಹಾಕಬಹುದು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಬರುತ್ತೇನೆ.