ಸೀಡರ್ ಹಂದರದ ಕಪ್ಪು ಕಲೆ

ಆ ಕಲೆಗಳನ್ನು ಮಾಡಿದವಳು ನಾನು. ಶರಣಪ್ಪನಲ್ಲ.

ಇಷ್ಟು ವರ್ಷ ಈ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ನಮ್ಮ ಯಜಮಾನರಿಗೂ ಹೇಳಲಿಲ್ಲ. ಅವನು ಎಣ್ಣೆಗೆ ಏನೋ ಬೆರೆಸಿದ, ಅದಕ್ಕೇ ಮರ ಕಪ್ಪಾಯಿತು ಎಂದು ನಾಲ್ಕು ಜನರ ಎದುರು ಹೇಳಿದೆ. ಹೇಳುವಾಗಲೇ ನನ್ನ ಮಾತಿನ ಮೇಲೆ ನನಗೆ ಅನುಮಾನವಿತ್ತು — ಕೆಲವೇ ದಿನಗಳಲ್ಲಿ ಅದು ಹಸಿ ಸುಳ್ಳೆಂದು ಖಾತ್ರಿಯೂ ಆಯಿತು. ಆಮೇಲೂ ತುಟಿ ಬಿಚ್ಚಲಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಬಂದರೆ ಒಂದು ಹನಿ ಉಗುರಿನ ಮೇಲಿಟ್ಟು ನೋಡುವವಳು ನಾನು. ತರಕಾರಿಯವಳ ತಕ್ಕಡಿಯನ್ನು ಬಗ್ಗಿ ನೋಡಿ ಬೈಸಿಕೊಂಡವಳು. "ನಿನ್ನ ಕಣ್ಣಿಗಿ ದೇವರೂ ಅರ್ಧ ಕಳ್ಳನಂಗ ಕಾಣ್ತಾನ" ಎಂದು ನಮ್ಮವರು ನಗುತ್ತಿದ್ದರು. ಕಲಬುರಗಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದಾಗ ನನಗೆ ತೆಲುಗು ಬಾರದು, ಹಿಂದಿ ಅರೆಬರೆ. ಯಾರು ಎಲ್ಲಿ ಟೋಪಿ ಹಾಕುತ್ತಾರೋ ಎಂಬ ಹೆದರಿಕೆಯಲ್ಲಿ ಆ ಗುಣ ಇನ್ನಷ್ಟು ಬಲಿಯಿತು. ಇದು ನೆಪವಲ್ಲ. ನಾನು ಎಂಥವಳೆಂದು ಮೊದಲೇ ಗೊತ್ತಿರಲಿ ಎಂದು ಹೇಳಿದೆ, ಅಷ್ಟೆ.

ತಾರ್ನಾಕದಲ್ಲಿ ನಮ್ಮ ಮನೆ. ಊರಿನ ಆಚೆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಎಲ್ಲಿ ನೋಡಿದರೂ ಸಾಫ್ಟ್‌ವೇರಿನವರು ಬಾಡಿಗೆ ಮನೆ ಹುಡುಕುತ್ತಿದ್ದರು. ನಮ್ಮ ಮಹಡಿ ನೋಡಲು ಬಂದ ಪುಣೆಯ ಮ್ಯಾನೇಜರನಿಗೆ ಮನೆಗಿಂತ ಅದರ ಮುಂದಿನ ತೆರೆದ ಮಾಳಿಗೆ ಹಿಡಿಸಿತು. ಇಲ್ಲೊಂದು ಮರದ ಪರ್ಗೋಲಾ ಇದ್ದರೆ ಸಂಜೆ ಕೂತು ಕೆಲಸ ಮಾಡಬಹುದಲ್ಲ ಎಂದ. ನಮ್ಮವರಿಗೆ ಹುರುಪು ಬಂತು. ಸಿಕಂದರಾಬಾದಿನ ಮರದ ಅಂಗಡಿಯವನು ಹೊಗಳಿದ್ದೇ ತಡ, ಹೊರದೇಶದ ಸೀಡರ್ ಮರ ತರಿಸಿ, ನಾಲ್ಕು ಕಂಬ ನಿಲ್ಲಿಸಿ, ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಅಡ್ಡಪಟ್ಟಿ ಹೊಡೆಸಿದರು. ಜೇನಿನ ಬಣ್ಣ, ಮೂಗಿಗೆ ಹಿತವಾದ ವಾಸನೆ. ನಾನೂ ದಿನಕ್ಕೊಮ್ಮೆ ಹೋಗಿ ಮುಟ್ಟಿ ಬರುತ್ತಿದ್ದೆ, ಸುಳ್ಳೇಕೆ.

ಆದರೆ ಅದು ತಂಪು ಸೀಮೆಯ ಮರ. ಇಲ್ಲಿಯ ಮೇ ತಿಂಗಳ ಬಿಸಿಲಿಗೆ ಬಣ್ಣ ಹಾರಿ ಬೂದಿಯಂತಾಯಿತು, ಕಂಬಗಳು ಕೂದಲೆಳೆಯಷ್ಟು ಬಿರುಕು ಬಿಟ್ಟವು, ಜೂನಿನ ಮಳೆಗೆ ಬಿರುಕುಗಳಲ್ಲಿ ಪಾಚಿ ಕೂತಿತು. ಮನೆ ಕಟ್ಟಿದ, ಯಾದಗಿರಿ ಎಂಬ ಹೆಸರಿನ ತೆಲುಗು ಮೇಸ್ತ್ರಿ ಮರಕ್ಕೆ ಬಣ್ಣ, ಪಾಲಿಶ್ ಮಾಡುವವನೊಬ್ಬನನ್ನು ಕರೆತಂದ. ಅವನೇ ಶರಣಪ್ಪ, ಅಫಜಲಪುರದ ಕಡೆಯವನು. ಗಾರೆ ಹೊರಲು ಈ ಊರಿಗೆ ಬಂದು, ಹತ್ತು ವರ್ಷದಲ್ಲಿ ಪಾಲಿಶ್ ಕಲಿತು ಕೈಗುಣಕ್ಕೆ ಹೆಸರಾದವನು.

"ಅಕ್ಕಾರ, ನಿಮ್ಮ ಮಾತು ಕೇಳಿ ಊರಿಗಿ ಹೋಗಿ ಬಂದಂಗಾತು ನೋಡ್ರಿ" ಎಂದ ಮೊದಲ ದಿನವೇ. ನನಗೂ ಹಾಗೇ ಆಗಿತ್ತು. ಬಾಗಿಲಾಚೆ ಬರೀ ತೆಲುಗು, ಹಿಂದಿ. ಅಂಥಲ್ಲಿ ಒಬ್ಬ ಬಂದು "ಐತಿ", "ಹೌದ್ರಿ" ಅಂದರೆ ಕಿವಿ ತಣ್ಣಗಾಗುತ್ತದೆ. ಆದರೆ ಮರುಕ್ಷಣವೇ ಒಳಗಿನ ದೆವ್ವ ಎದ್ದಿತು — ಇಷ್ಟು ನಯವಾಗಿ ಮಾತಾಡುತ್ತಾನೆಂದರೆ ಏನೋ ಇದೆ.

ಪರ್ಗೋಲಾ ಎನ್ನಲು ಅವನಿಗೆ ಬಾರದು. ಹಂದರ ಎನ್ನುತ್ತಿದ್ದ. "ಈ ಹಂದರ ಬಿಸಿಲಿಗಿ ಸೊರಗೇತ್ರಿ. ಎಣ್ಣಿ ಕುಡಿಸಬೇಕು. ಮಿಂಚೂ ವಾರ್ನಿಷ್ ಹಚ್ಚಂತೀರಿ, ಹಚ್ಚತೀನಿ; ಆದ್ರ ಎರಡು ಬ್ಯಾಸಿಗ್ಯಾಗ ಸಿಪ್ಪಿ ಏಳತೈತಿ." ಸಂಕ್ರಾಂತಿ ಕಳೆದು, ಬಿಸಿಲು ಏರುವ ಮೊದಲಿನ ದಿನಗಳಲ್ಲೇ ಅವನ ಕೆಲಸ. ಮೊದಲು ಒಂದು ಬೊಗಸೆ ನೀರು ಮರದ ಮೇಲೆ ಚಿಮುಕಿಸುತ್ತಿದ್ದ. ಹನಿ ಮುತ್ತಿನಂತೆ ನಿಂತರೆ ಎಣ್ಣೆ ಬೇಡ. ಮರ ನೀರು ಕುಡಿದರೆ, ಅದಕ್ಕೆ ದಾಹ ಇದೆ ಎಂದರ್ಥ. ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಎರಡು ದಿನ ಒಣಗಿಸಿ, ಬಣ್ಣದ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಉಳಿದದ್ದನ್ನು ಹಳೆಯ ಸೀರೆಯಿಂದ ಒರೆಸುತ್ತಿದ್ದ. ಬೆಳಗಿನ ನೆರಳು ಇರುವಷ್ಟು ಹೊತ್ತು ಮಾತ್ರ; ಬಿಸಿಲಲ್ಲಿ ಎಣ್ಣೆ ಮರದೊಳಕ್ಕೆ ಇಳಿಯುವ ಮೊದಲೇ ಒಣಗುತ್ತದಂತೆ. ಬಿಸಿಲು ಬಿತ್ತೋ, ಇಳಿದು ಕೂತುಬಿಡುವನು.

ಅವನು ಕೂತರೆ ನನಗೆ ಮೈಯೆಲ್ಲ ಉರಿ. ದಿನ ಎಳೆಯುತ್ತಾನೆ ಎಂದುಕೊಂಡೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಗೋಡೆಯ ಮೇಲೆ ಹರವುತ್ತಿದ್ದ. ಗಂಟು ಕಟ್ಟಿಟ್ಟರೆ ತಾವೇ ಕಾದು ಬೆಂಕಿ ಹಿಡಿಯುತ್ತವೆ ಎಂದ. ಎಣ್ಣೆ ಬಟ್ಟೆ ತಾನಾಗಿ ಉರಿಯುವುದುಂಟೇ! ಮನೆಗೆ ಒಯ್ದು ಎಣ್ಣೆ ಹಿಂಡಿಕೊಳ್ಳುವ ಉಪಾಯ ಎಂದು ನಾನು ತೀರ್ಮಾನಿಸಿದೆ. ಅವನು ಊಟಕ್ಕೆ ಹೋದಾಗ ಡಬ್ಬಿಯೊಳಗೆ ಕಡ್ಡಿ ಅದ್ದಿ, ಎಣ್ಣೆ ಎಲ್ಲಿಯವರೆಗಿದೆ ನೋಡಿ, ಹೊರಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಮೂಸಿ ನೋಡಿದೆ. ಸೀಮೆ‌ಎಣ್ಣೆಯ ವಾಸನೆ ಬಂತು. ಬ್ರಷ್ ತೊಳೆಯಲು ಅವನು ಸೀಮೆ‌ಎಣ್ಣೆ ಇಟ್ಟುಕೊಂಡದ್ದು ನನಗೆ ಗೊತ್ತಿತ್ತು — ಗೊತ್ತಿದ್ದೂ ಆ ವಾಸನೆಯನ್ನು ಮನಸ್ಸಿನಲ್ಲಿ ಜೋಪಾನವಾಗಿ ಎತ್ತಿಟ್ಟುಕೊಂಡೆ.

ಅವನು ಒಂದೇ ಒಂದು ಮಾತನ್ನು ಪ್ರತಿ ವರ್ಷ ಹೇಳುತ್ತಿದ್ದ. "ಅಕ್ಕಾರ, ಈ ಕಟ್ಟಿಗಿಗೆ ಕಬ್ಬಣ ಮುಟ್ಟಿಸಬ್ಯಾಡ್ರಿ. ಕಬ್ಬಣದ ಪುಡಿ ಕೂತು ನೀರು ಬಿತ್ತಂದ್ರ ಶಾಯಿ ಚೆಲ್ಲಿದಂಗ ಕರ್ರಗಾಗತೈತಿ." ಅದಕ್ಕೇ ಹಿತ್ತಾಳೆ ಸ್ಕ್ರೂ, ಅದಕ್ಕೇ ತೆಂಗಿನ ನಾರು. ನನಗೆ ಇದೂ ಒಂದು ನಾಟಕವಾಗಿಯೇ ಕಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮೂರನೆಯ ವರ್ಷ. ಎಣ್ಣೆ ತಂದಿಟ್ಟಾಗಿತ್ತು, ಮರ ತೊಳೆಯುವುದು ಬಾಕಿ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ನಾಲ್ಕು ದಿನ ಊರಿಗೆ ಹೋಗಿ ಬರುತ್ತೇನೆ ಎಂದ. "ನಾ ಬರೂತನಕ ಮುಟ್ಟಬ್ಯಾಡ್ರಿ" ಎಂದೂ ಹೇಳಿದ. ಬೇರೆ ಕಡೆ ಕೆಲಸ ಹಿಡಿದಿರಬೇಕು, ಮಗಳ ಹೆಸರು ಹೇಳುತ್ತಾನೆ — ಹಾಗೆಂದುಕೊಂಡೆ. ಮಗಳ ಮದುವೆಯ ಮಾತನ್ನೂ ನಾನು ನಂಬಲಿಲ್ಲ.

ಎರಡನೆಯ ದಿನ ತಡೆಯಲಾಗಲಿಲ್ಲ. ಗೇಟಿನ ತುಕ್ಕು ಕೆರೆಯುವ ಕಬ್ಬಿಣದ ತಂತಿಯ ಬ್ರಷ್ ಒಂದಿತ್ತು. ಅದನ್ನು ಹಿಡಿದು ಮಾಳಿಗೆಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಎರಡು ಕಂಬಗಳನ್ನು ತಿಕ್ಕಿದೆ. ಅಬ್ಬಾ, ಬೂದು ಬಣ್ಣ ಕಿತ್ತುಕೊಂಡು ಬಂತು! ಕೆಳಗಿಂದ ಜೇನುಬಣ್ಣ ಎದ್ದಿತು. ಬೆರಳ ಗೆಣ್ಣುಗಳು ತರಚಿ ರಕ್ತ ಬಂದರೂ ಬಿಡಲಿಲ್ಲ. ಒಂದು ಗಂಟೆಯ ಕೆಲಸಕ್ಕೆ ಇವನು ಮೂರು ದಿನ ಮಾಡುತ್ತಾನಲ್ಲ ಎಂದು ಒಳಗೊಳಗೇ ಬೀಗಿದೆ. ಕಬ್ಬಿಣದ ಮಾತು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು. ಬ್ರಷ್ ಎತ್ತುವಾಗಲೇ ನೆನಪಾಯಿತು. ಅವನ ಮಾತು ಸುಳ್ಳೆಂದು ತೋರಿಸಬೇಕೆಂಬ ಹಟವೇ ಕೈಯಲ್ಲಿತ್ತು.

ಶರಣಪ್ಪ ಹೇಳಿದ ದಿನವೇ ಬಂದ. ಸಂಬಂಧ ಕೂಡಿತ್ತು, ಹಳ್ಳಿಯಿಂದ ನನಗೆಂದು ಶೇಂಗಾ ಹೋಳಿಗೆ ತಂದಿದ್ದ. ಕಂಬ ನೋಡಿ ನಿಂತ. ಅಂಗೈ ಆಡಿಸಿದ.

"ಇದನ್ನ ಯಾರಾರ ತಿಕ್ಯಾರೇನ್ರಿ ಅಕ್ಕಾರ?"

"ಇಲ್ಲ" ಎಂದೆ.

ಆಗ ಹೌದು ಎಂದಿದ್ದರೆ ಅವನು ನಾಲ್ಕು ಮಾತು ಗೊಣಗಿ ಸರಿಪಡಿಸುತ್ತಿದ್ದನೇನೋ. ನಾನು ಇಲ್ಲ ಎಂದೆ. ಅವನು ನನ್ನ ಮಾತು ನಂಬಿದ. ಅನುಮಾನ ಪಡುವುದು ಅವನಿಗೆ ಗೊತ್ತಿರಲಿಲ್ಲ. ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಹೋದ.

ವಾರದೊಳಗೆ ಅಕಾಲದ ಮಳೆ ಬಂತು. ಮಳೆ ನಿಂತ ಬೆಳಿಗ್ಗೆ ಆ ಎರಡೂ ಕಂಬಗಳ ತುಂಬ ಕಪ್ಪು ಚುಕ್ಕೆ, ಕಪ್ಪು ಗೀಟು, ಶಾಯಿ ಚೆಲ್ಲಿದಂತೆಯೇ. ಬಾಡಿಗೆಯವನು ಕೂಗಾಡಿದ. ನಮ್ಮವರು ಮೇಸ್ತ್ರಿಯನ್ನೂ ಶರಣಪ್ಪನನ್ನೂ ಕರೆಸಿದರು. ಆ ಹೊತ್ತಿಗೆ ಮೇಸ್ತ್ರಿ ದೊಡ್ಡದೊಂದು ಸಾಫ್ಟ್‌ವೇರ್ ಕಟ್ಟಡದ ಮರಗೆಲಸ ಹಿಡಿದಿದ್ದ. ಪಾಲಿಶಿಗೆಲ್ಲ ಶರಣಪ್ಪನನ್ನೇ ಮುಖ್ಯಸ್ಥನನ್ನಾಗಿ ಮಾಡುವುದೆಂದು ಮಾತಾಗಿತ್ತು. ಇದು ನನಗೆ ತಿಳಿದಿತ್ತು. ಹೋಳಿಗೆ ಕೊಡುವಾಗ ಅವನೇ ಹೇಳಿದ್ದ, ಮುಖ ಅರಳಿಸಿಕೊಂಡು.

ಎಲ್ಲರೂ ಮಾಳಿಗೆಯಲ್ಲಿ ನಿಂತಿದ್ದರು. ನಾನು ಡಬ್ಬಿ ತಂದು, ಆ ವರ್ಷವೂ ಎಳೆದಿಟ್ಟಿದ್ದ ಪೆನ್ಸಿಲ್ ಗೆರೆ ತೋರಿಸಿ, ಎಣ್ಣೆ ಎಷ್ಟು ಇಳಿದಿದೆ ನೋಡಿ, ಕದ್ದಿದ್ದಾನೆ ಎಂದೆ. ಮೂರು ವರ್ಷ ಅವನೊಡನೆ ಕನ್ನಡ ಬಿಟ್ಟು ಬೇರೆ ಆಡಿರಲಿಲ್ಲ; ಅಂದು ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದೆ — "ಇಸ್ನೇ ತೇಲ್ ಮೇ ಮಿಲಾವಟ್ ಕಿಯಾ." ಎಣ್ಣೆಗೆ ಕಲಬೆರಕೆ ಮಾಡಿದ್ದಾನೆ, ಗಾಡಿಯ ಕರಿ ಎಣ್ಣೆಯೋ ಏನೋ, ಎಂದೆ.

ಅವನು ತಡವರಿಸಲಿಲ್ಲ. ಇದು ಎಣ್ಣೆಯ ಕಲೆಯಲ್ಲ, ಕಬ್ಬಿಣದ್ದು, ಬೇಕಾದರೆ ಉಳಿದ ಮರದ ತುಂಡಿನ ಮೇಲೆ ಇದೇ ಎಣ್ಣೆ ಹಚ್ಚಿ ತೋರಿಸುತ್ತೇನೆ ಎಂದ. ಆಮೇಲೆ ಅವನ ಕಣ್ಣು ನನ್ನ ಬಲಗೈ ಮೇಲೆ ನಿಂತಿತು. ಗೆಣ್ಣುಗಳ ಮೇಲೆ ಹಕ್ಕಳೆ ಇನ್ನೂ ಉದುರಿರಲಿಲ್ಲ.

"ಅಕ್ಕಾರ, ನಿಮ್ಮ ಕೈಗೇನಾಗೇತ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ. ನಾನು ಕೈಯನ್ನು ಸೆರಗಿನಲ್ಲಿ ಅಡಗಿಸಿದೆ. "ಗಜ್ಜರಿ ತುರಿಯುವಾಗ ಹತ್ತಿತು" ಎಂದೆ. ಯಾರೂ ಅದರತ್ತ ಗಮನ ಕೊಡಲಿಲ್ಲ. ಮೇಸ್ತ್ರಿ ತೆಲುಗಿನಲ್ಲಿ ಅವನನ್ನು ಬೈಯತೊಡಗಿದ. ಶರಣಪ್ಪ ತನ್ನ ಬ್ರಷ್‌ಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಮೆಟ್ಟಿಲ ಬಳಿ ನಿಂತು ಹೇಳಿದ:

"ನಮ್ಮ ಮಂದಿ ಅಂತ ತಿಳ್ಕೊಂಡಿದ್ನಿರಿ ನಿಮ್ಮನ್ನ."

ಅವನು ಹೋದ ಮೇಲೆ ನಾನು ಆ ಮರದ ತುಂಡು ಹುಡುಕಿದೆ. ಅರ್ಧಕ್ಕೆ ತಂತಿಯ ಬ್ರಷ್ ತಿಕ್ಕಿ, ಇಡೀ ತುಂಡಿಗೆ ಅದೇ ಡಬ್ಬಿಯ ಎಣ್ಣೆ ಹಚ್ಚಿ, ದಿನಾ ನೀರು ಚಿಮುಕಿಸಿದೆ. ಆಗಲೂ ಅವನದೇ ತಪ್ಪಿರಲಿ ಎಂದು ಬೇಡಿಕೊಂಡೆ — ಥೂ, ಎಂಥ ಬೇಡಿಕೆ! ಮೂರನೆಯ ದಿನ ತಿಕ್ಕಿದ ಅರ್ಧ ಕಪ್ಪಾಯಿತು. ಇನ್ನರ್ಧ ಜೇನುಬಣ್ಣದಲ್ಲೇ ಇತ್ತು. ಮೇಸ್ತ್ರಿಗೆ ಒಂದು ಫೋನ್ ಮಾಡಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಆ ಕಟ್ಟಡದ ಕೆಲಸಕ್ಕೆ ಇನ್ನೂ ಬೇರೆಯವರನ್ನು ಗೊತ್ತುಮಾಡಿರಲಿಲ್ಲ. ನಾನು ತುಂಡನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ.

ವರ್ಷ ಕಳೆದು ಮೇಸ್ತ್ರಿಯೇ ಹೇಳಿದ: ಕಲಬೆರಕೆ ಮಾಡುವವನು ಎಂದು ಹೆಸರು ಬಿದ್ದ ಮೇಲೆ ಶರಣಪ್ಪನನ್ನು ಪಾಲಿಶಿಗೆ ಯಾರೂ ಕರೆಯುತ್ತಿಲ್ಲವಂತೆ, ಮತ್ತೆ ಗಾರೆ ಹೊರುತ್ತಿದ್ದಾನಂತೆ. "ಅಯ್ಯೋ ಪಾಪ" ಎಂದೆ ನಾನು. ಹಾಗೆಂದು ಮೇಸ್ತ್ರಿಗೆ ಚಹಾ ತರಲು ಒಳಗೆ ಹೋದೆ.

ಶರಣಪ್ಪನ ಬದಲು ಬಂದ ಪಾಲಿಶಿನವನು ನಾನು ಹೇಳಿದಂತೆ ಮಿಂಚುವ ವಾರ್ನಿಷ್ ಬಳಿದ. ಎರಡು ಬೇಸಿಗೆಗೆ ಸಿಪ್ಪೆ ಎದ್ದಿತು. ಮ್ಯಾನೇಜರ್ ಬಿಟ್ಟುಹೋದ. ಹಂದರ ಈಗಲೂ ನಿಂತಿದೆ, ಬೂದು ಬಣ್ಣಕ್ಕೆ ತಿರುಗಿ. ಆ ಎರಡು ಕಂಬಗಳ ಕಪ್ಪು ಹಾಗೆಯೇ ಇದೆ.

ಈಗೇಕೆ ಹೇಳುತ್ತಿದ್ದೀಯೆ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ವಯಸ್ಸಾಯಿತು, ಮನಸ್ಸು ಹಗುರ ಮಾಡಿಕೊಳ್ಳುವ ಹುನ್ನಾರವೇ ಇದು? ಇರಬಹುದು. ಇಷ್ಟು ಜನರನ್ನು ಅನುಮಾನಿಸಿದ ಮೇಲೆ ನನ್ನ ಪಶ್ಚಾತ್ತಾಪವನ್ನು ಮಾತ್ರ ಹೇಗೆ ನಂಬಲಿ... ಬರೆದು ಮುಗಿಸಿದರೆ ಸಾಕೆನ್ನಿಸಿಬಿಡುತ್ತದೆ ಎಂಬ ಭಯವಿದೆ. ಅದಕ್ಕೇ ಮೊನ್ನೆ ಮುದುಕನಾಗಿರುವ ಮೇಸ್ತ್ರಿಗೆ ಫೋನ್ ಮಾಡಿದೆ. ಶರಣಪ್ಪ ಉಪ್ಪಲ್ ಕಡೆ ಇದ್ದಾನಂತೆ. ನಾಳೆ ಬೆಳಿಗ್ಗೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗುತ್ತೇನೆ. ಟ್ರಂಕಿನ ತುಂಡು ಚೀಲದಲ್ಲಿದೆ. ಅವನ ಹೆಸರು ಕೆಡಿಸಿದ್ದು ಹಿಂದಿಯಲ್ಲಿ. ನಾನು ಸುಳ್ಳು ಹೇಳಿದೆ ಎನ್ನುವುದನ್ನೂ ನಾಳೆ ಅವನ ಮನೆ ಮುಂದೆ ನಿಂತವರೆಲ್ಲರ ಎದುರು ಹಿಂದಿಯಲ್ಲೇ ಹೇಳಬೇಕು. ಅವನು ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಹೇಳಿ ಬರುತ್ತೇನೆ.

ಆಮೇಲೆ ಕನ್ನಡದಲ್ಲಿ ಹೇಳುವುದು ಒಂದೇ ಉಳಿಯುತ್ತದೆ. ಅವನು ಅಂದು ಕಂಬದ ಮೇಲೆ ಅಂಗೈಯಿಟ್ಟು ಕೇಳಿದ್ದಕ್ಕೆ ಉತ್ತರ.

ನಾನಽ ತಿಕ್ಕೀನಿ, ಶರಣಪ್ಪ.